ಉಣ್ಣೆ ಕಚ್ಚಿತ್ತೇ?



ದನದ ಡಾಕ್ಟರ ಬಳಿಗೆ ಬರುವ ರೋಗಿಗೆ ಮಾತು ಬರುವುದಿಲ್ಲ. ಅದಕ್ಕೇ ನಮ್ಮ ಕಸುಬಿನಲ್ಲಿ ಸೂಜಿ ಹಿಡಿಯುವುದಕ್ಕೆ ಮೊದಲು ಪ್ರಶ್ನೆ ಕೇಳುವುದನ್ನು ಕಲಿಯಬೇಕು. ಹಸುವನ್ನು ಎಲ್ಲಿಂದ ತಂದಿರಿ? ತಂದು ಎಷ್ಟು ದಿನವಾಯಿತು? ಹುಲ್ಲು ಎಲ್ಲಿ ಕೊಯ್ದದ್ದು? ಪಕ್ಕದ ಕೊಟ್ಟಿಗೆಯಲ್ಲಿ ಯಾವುದಾದರೂ ದನ ಮೇವು ಬಿಟ್ಟು ಮಲಗಿದೆಯೇ? ಈ ಉತ್ತರಗಳು ಸಿಕ್ಕಮೇಲೆಯೇ ನಾವು ಥರ್ಮಾಮೀಟರು ತೆಗೆಯುವುದು. ಬೆಂಗಳೂರಿನ ಹೊರ ಅಂಚಿನಲ್ಲಿ, ವರ್ತೂರು, ಸರ್ಜಾಪುರ, ಆನೇಕಲ್ ಕಡೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ದುಡಿದವನು ನಾನು. ರಾಗಿ ಹೊಲಗಳು ಕಚೇರಿಯ ಗಾಜಿನ ಕಟ್ಟಡಗಳಾದದ್ದನ್ನು ಆ ಹಳ್ಳಿಗಳ ಕೊಟ್ಟಿಗೆಗಳಲ್ಲಿ ನಿಂತೇ ನೋಡಿದ್ದೇನೆ.

ಮನುಷ್ಯರ ಡಾಕ್ಟರಿಗೆ ನಮ್ಮ ಕಷ್ಟವಿಲ್ಲ, ಅವರ ರೋಗಿ ಮಾತಾಡುತ್ತಾನೆ. ಆದರೆ ಅವನು ಹೇಳುವುದು ತನಗೆ ಮುಖ್ಯ ಅನ್ನಿಸಿದ್ದನ್ನು. ಜ್ವರ ಎಂದಿನಿಂದ, ಎಷ್ಟು ಡಿಗ್ರಿ, ತಲೆ ಎಲ್ಲಿ ಸಿಡಿಯುತ್ತಿದೆ, ಇಷ್ಟು. ಹೋದ ವಾರ ಊರಿಗೆ ಹೋದಾಗ ಬೆಟ್ಟದಲ್ಲಿ ಸೊಪ್ಪು ಕಡಿದಿದ್ದೆ ಎಂದಾಗಲೀ, ಶೆಡ್ಡಿನ ನಾಯಿಯ ಕಿವಿಯಿಂದ ಉಣ್ಣೆ ಕಿತ್ತು ಉಗುರಿನಲ್ಲಿ ಒತ್ತಿದ್ದೆ ಎಂದಾಗಲೀ ತಾನಾಗಿ ಹೇಳುವವರು ಅಪರೂಪ. ಕೇಳಿದರೆ ಮಾತ್ರ ಹೊರಗೆ ಬರುವ ಸಂಗತಿ ಅದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಕಡೆ ಜ್ವರ ಬಂದವರನ್ನು ಈ ಮಾತು ಕೇಳುವವರು ಕಡಿಮೆ. ಕೇಳಲೇಬೇಕು ಎಂದು ಒತ್ತಿ ಹೇಳುವುದಕ್ಕೇ ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

ಉಣ್ಣೆ, ಮಲೆನಾಡಿನವರ ಉಣುಗು, ನಿಮಗೆ ಗೊತ್ತಿರುವ ಜೀವಿಯೇ. ಹುಳು ಅನ್ನುತ್ತೇವೆ, ಆದರೆ ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ರೆಕ್ಕೆಯಿಲ್ಲ, ನೆಗೆಯುವುದಕ್ಕೂ ಬಾರದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಕಳಚಿದರೆ ಎಂಟು ಕಾಲಿನ ಎಳೆ ಉಣ್ಣೆ. ಇನ್ನೊಮ್ಮೆ ಕುಡಿದು ಪೊರೆ ಕಳಚಿದರೆ ಬಲಿತ ಉಣ್ಣೆ. ಬಲಿತ ಹೆಣ್ಣು ಹೊಟ್ಟೆ ತುಂಬ ಕುಡಿದು, ನೆಲಕ್ಕೆ ಬಿದ್ದು, ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಹಸಿದ ಉಣ್ಣೆ ಹುಲ್ಲಿನ ತುದಿಗೋ ಪೊದೆಯ ಎಲೆಯಂಚಿಗೋ ಹತ್ತಿ, ಮುಂಗಾಲು ಎರಡನ್ನೂ ಗಾಳಿಯಲ್ಲಿ ಚಾಚಿ ಕಾಯುತ್ತದೆ. ಆ ಮುಂಗಾಲಿನ ತುದಿಯಲ್ಲೇ ಅದರ ಮೂಗು. ಹತ್ತಿರ ಬಂದ ಪ್ರಾಣಿಯ ಉಸಿರನ್ನೂ ಮೈಕಾವನ್ನೂ ಅದು ಗುರುತಿಸುತ್ತದೆ. ಮೈ ತಾಕಿದ ಕ್ಷಣ ಹಿಡಿದುಕೊಳ್ಳುತ್ತದೆ. ಕಚ್ಚಿದ್ದು ನೋಯುವುದಿಲ್ಲ, ಏಕೆಂದರೆ ಅದರ ಎಂಜಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸಗಳಿವೆ. ಕಾಯಿಲೆಯ ಬೀಜ ಮೈಯೊಳಗೆ ಇಳಿಯುವುದೂ ಆ ಎಂಜಲಿನ ಜೊತೆಗೇ. ಹೀಗಾಗಿ ಉಣ್ಣೆ ಕಚ್ಚಿಸಿಕೊಂಡ ಎಷ್ಟೋ ಜನರಿಗೆ ಕಚ್ಚಿಸಿಕೊಂಡದ್ದೇ ತಿಳಿದಿರುವುದಿಲ್ಲ.

ಇಂಥ ಉಣ್ಣೆಗೆ ನಗರದಲ್ಲೇನು ಕೆಲಸ ಅನ್ನಬೇಡಿ. ವೈಟ್‌ಫೀಲ್ಡ್ ಹುಟ್ಟಿದ್ದು ಬೇಸಾಯದ ಊರಾಗಿ. 1882ರಲ್ಲಿ ಮೈಸೂರು ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ಎದ್ದ ಊರು ಅದು. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಶುರುಮಾಡಿದ್ದು. ಊರು ಬೆಳೆದರೂ ದನಗಳು ಊರು ಬಿಡಲಿಲ್ಲ. ವರ್ತೂರು, ಬೆಳ್ಳಂದೂರು ಕೆರೆಗಳ ಅಂಗಳದ ಹುಲ್ಲು ಕೊಯ್ದು, ಕಂತೆ ಕಟ್ಟಿ, ಮೊಪೆಡ್ಡಿನ ಹಿಂದೆ ಹೇರಿಕೊಂಡು ಹೋಗುವವರನ್ನು ಆ ಕಡೆ ಓಡಾಡುವವರೆಲ್ಲ ಕಂಡಿರುತ್ತೀರಿ. ಡೇರಿಗೆ ಹಾಲು ಹಾಕುವ ಮನೆಗಳು ಅಪಾರ್ಟ್‌ಮೆಂಟುಗಳ ಬೆನ್ನಿಗೇ ಇವೆ.

ಅಂಥದ್ದೇ ಒಂದು ಕೊಟ್ಟಿಗೆ. ಎರಡು ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡು, ಮೇಲೆ ತಗಡು. ಕಪ್ಪು ಬಿಳುಪಿನ ಸೀಮೆಹಸು ತಲೆ ಜೋತುಹಾಕಿ ನಿಂತಿತ್ತು. "ಡಾಕ್ಟ್ರೇ, ನಿನ್ನೆಯಿಂದ ಹಿಂಡಿ ಬೂಸ ಯಾವುದೂ ಮುಟ್ಟಿಲ್ಲ. ಎಂಟು ಲೀಟ್ರು ಕೊಡ್ತಿದ್ದದ್ದು ಎರಡಕ್ಕೆ ಇಳಿದೈತೆ" ಎಂದರು ಮನೆಯೊಡತಿ. ಜ್ವರ 106 ಡಿಗ್ರಿ. ಭುಜದ ಮುಂದೆ, ಚರ್ಮದಡಿಯ ಗಡ್ಡೆ ಕೈಗೆ ತುಂಬುವಷ್ಟು ಊದಿತ್ತು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಬಾಲ ಎತ್ತಿದೆ, ಕೆಚ್ಚಲಿನ ಸಂದಿ ನೋಡಿದೆ, ಕಿವಿ ಮಡಚಿ ನೋಡಿದೆ. ಮೂರೂ ಕಡೆ ಉಣ್ಣೆ.

"ಎಲ್ಲಿಂದ ತಂದದ್ದಮ್ಮಾ?"

"ಸಂತೆಯಿಂದ ಡಾಕ್ಟ್ರೇ. ಹದಿನೈದು ದಿನ ಆಯ್ತು."

ಅಷ್ಟು ಸಾಕಾಯಿತು. ಊದಿದ ಗಡ್ಡೆಗೆ ಸೂಜಿ ಚುಚ್ಚಿ ತೆಗೆದ ರಸವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅನುಮಾನ ನಿಜವಾಯಿತು. ಥೈಲೇರಿಯಾ. ಹಯಲೋಮ ಎಂಬ ಜಾತಿಯ ಉಣ್ಣೆ ಹರಡುವ ರೋಗ. ಕಚ್ಚಿದ ಒಂದರಿಂದ ಮೂರು ವಾರದೊಳಗೆ ಜ್ವರ ಏಳುತ್ತದೆ, ಅಂದರೆ ಸಂತೆಯಲ್ಲೋ ಅದಕ್ಕೆ ಮೊದಲಿದ್ದ ಕೊಟ್ಟಿಗೆಯಲ್ಲೋ ಅಂಟಿದ್ದು. ಬ್ಯುಪಾರ್ವಕ್ವೋನ್ ಎಂಬ ಚುಚ್ಚುಮದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಹಸು ಎದ್ದು ನಿಲ್ಲುತ್ತದೆ, ಆ ಹಸುವೂ ಎದ್ದಿತು. ಬರೀ ಜ್ವರದ ಸೂಜಿ ಹಾಕಿ ಎರಡು ದಿನ ಕಾಯೋಣ ಎಂದಿದ್ದರೆ ಆ ಮನೆ ಸಾಲ ಮಾಡಿ ತಂದ ಹಸುವನ್ನು ಕಳೆದುಕೊಳ್ಳುತ್ತಿತ್ತು. ನಮ್ಮ ಹಳ್ಳಿಕಾರ್ ತಳಿಯಂಥ ನಾಟಿ ದನಗಳು ಈ ಉಣ್ಣೆಗಳ ಜೊತೆಗೇ ತಲೆಮಾರುಗಟ್ಟಲೆ ಬಾಳಿ ಒಂದಿಷ್ಟು ತಾಳಿಕೆ ಗಳಿಸಿಕೊಂಡಿವೆ. ಹಾಲಿಗಾಗಿ ನಾವು ಸಾಕುವ ಸೀಮೆಹಸುವಿಗೆ ಆ ತಾಳಿಕೆ ಇಲ್ಲ. ಹೆಚ್ಚು ಹಾಲು ಬೇಕೆಂದು ಆ ತಳಿಯನ್ನು ತಂದ ಮೇಲೆ ಉಣ್ಣೆಯಿಂದ ಕಾಯುವ ಹೊಣೆಯೂ ನಮ್ಮದೇ.

ಉಣ್ಣೆ ರೋಗ ಹರಡುತ್ತದೆ ಎಂಬ ಮಾತು ಜಗತ್ತಿಗೆ ಮೊದಲು ತಿಳಿದದ್ದೂ ದನಗಳಿಂದಲೇ. ಅಮೆರಿಕದಲ್ಲಿ ಟೆಕ್ಸಾಸ್ ಕಡೆಯ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದ ದಾರಿಯುದ್ದಕ್ಕೂ ಅಲ್ಲಿನ ದನಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಇದಕ್ಕೆ ಉಣ್ಣೆ ಕಾರಣ ಎಂದು ಅಲ್ಲಿನ ದನಗಾಹಿಗಳು ಹೇಳುತ್ತಲೇ ಇದ್ದರು, ತಿಳಿದವರು ನಂಬಿರಲಿಲ್ಲ. ಥಿಯೊಬಾಲ್ಡ್ ಸ್ಮಿತ್ ಎಂಬ ವೈದ್ಯ ಮತ್ತು ಕಿಲ್ಬೋರ್ನ್ ಎಂಬ ಪಶುವೈದ್ಯ ಆ ಮಾತನ್ನು ಪರೀಕ್ಷೆಗೆ ಒಡ್ಡಿ 1893ರಲ್ಲಿ ಸಾಬೀತು ಮಾಡಿದರು. ಸೊಳ್ಳೆ ಮಲೇರಿಯಾ ಹರಡುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಳ್ಳುವುದಕ್ಕೂ ನಾಲ್ಕು ವರ್ಷ ಮೊದಲು ಇದು. ದನಗಾಹಿಗಳನ್ನು ಕೇಳಿದ್ದರಿಂದ ಸಿಕ್ಕ ವಿದ್ಯೆ. ನಮ್ಮ ಕೊಟ್ಟಿಗೆಗಳಲ್ಲೂ ಬೆಬೀಸಿಯಾ ಎಂಬ ಅದೇ ಕೆಂಪು ಮೂತ್ರದ ರೋಗ ಇದೆ. ತಾಯಿ ಉಣ್ಣೆಯಿಂದ ಮೊಟ್ಟೆಯ ಮೂಲಕ ಮರಿಗಳಿಗೇ ಇಳಿದುಬರುವ ರೋಗ ಅದು.

ದನದಿಂದ ನಾಯಿಗೆ ಬರೋಣ. ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಗೇಟಿನ ಬಳಿ ಒಂದೆರಡು ನಾಯಿಗಳು ಇರುತ್ತವೆ. ವಾಚ್‌ಮನ್ನನ ಅನ್ನದಲ್ಲಿ ಪಾಲು, ಅವನ ಕೋಣೆಯ ಮುಂದೆಯೇ ನಿದ್ದೆ. ವೈಟ್‌ಫೀಲ್ಡ್ ಕಡೆಯ ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲೂ ಹಾಗೆಯೇ. ನಾಯಿಯ ಮೈಮೇಲಿನ ಕಂದು ಉಣ್ಣೆ ಉಳಿದ ಉಣ್ಣೆಗಳ ಹಾಗೆ ಕಾಡು, ಹುಲ್ಲು ಬೇಡುವುದಿಲ್ಲ. ಅದಕ್ಕೆ ಮನೆಯೇ ಸಾಕು. ರಕ್ತ ಕುಡಿದಾದ ಮೇಲೆ ನಾಯಿಯಿಂದ ಇಳಿದು ಗೋಡೆ ಹತ್ತುತ್ತದೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಹಾಲೋಬ್ಲಾಕಿನ ಬಿರುಕಿನಲ್ಲಿ ಅಡಗಿ ಪೊರೆ ಕಳಚುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಬೆಂಗಳೂರಿನ ಹಿತವಾದ ಹವೆಯಲ್ಲಿ ವರ್ಷವಿಡೀ ಅದರ ಸಂಸಾರ ನಡೆಯುತ್ತದೆ. ನಾಯಿ ಸಾಕಿದವರಿಗೆ ಟಿಕ್ ಫೀವರ್ ಎಂಬ ಮಾತು ಚೆನ್ನಾಗಿ ಗೊತ್ತು. ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ಸೇರಿ ನಾಯಿಯ ರಕ್ತವನ್ನು ತೆಳ್ಳಗೆ ಮಾಡಿ, ಮೂಗಿನಲ್ಲಿ ರಕ್ತ ಬರಿಸಿ, ಒಂದೇ ವಾರದಲ್ಲಿ ಮಲಗಿಸಿಬಿಡುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಸೊಳ್ಳೆಗೆಂದು ಹೊಗೆ ಹಾಕಿಸಿದ ಮೇಲೆ ಉಣ್ಣೆಯೂ ಹೋಯಿತೆಂದು ನೆಮ್ಮದಿಯಾಗಿರುವವರನ್ನು ನೋಡಿದ್ದೇನೆ. ಆ ಹೊಗೆ ಗೋಡೆಯ ಸಂದಿಗೆ ಇಳಿಯುವುದಿಲ್ಲ. ಬಿರುಕಿಗೆ ಸಿಮೆಂಟು ಮೆತ್ತಬೇಕು, ನಾಯಿ ಮಲಗುವ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒಗೆಯಬೇಕು, ನಾಯಿಗೆ ಪಶುವೈದ್ಯರು ಹೇಳಿದ ಔಷಧಿಯನ್ನು ತಪ್ಪದೆ ಹಾಕಬೇಕು.

ನಾಯಿಯ ಉಣ್ಣೆಯಿಂದ ಮನುಷ್ಯರಿಗೆ ಏನಾದೀತು ಎಂದು ನೀವು ಕೇಳಬಹುದು. ಈ ಕಂದು ಉಣ್ಣೆಗೆ ನಾಯಿಯ ರಕ್ತವೇ ಇಷ್ಟ, ಆದರೂ ಕೆಲವೊಮ್ಮೆ ಮನುಷ್ಯರನ್ನು ಹಿಡಿಯುತ್ತದೆ. ರಿಕೆಟ್ಸಿಯಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಅದರೊಳಗೆ ಇದ್ದರೆ ನಮಗೆ ಬರುವುದು ಟಿಕ್ ಟೈಫಸ್, ಚುಕ್ಕೆ ಜ್ವರ. ಹೆಸರಿನಲ್ಲಿ ಟೈಫಸ್ ಇದ್ದರೂ ಊಟ ನೀರಿನಿಂದ ಬರುವ ಟೈಫಾಯಿಡಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು ಹಿಮಾಲಯದ ತಪ್ಪಲಿನ ಕುಮಾವೂನಿನಲ್ಲಿ, 1917ರಲ್ಲಿ, ಮೆಗಾ ಎಂಬ ಬ್ರಿಟಿಷ್ ವೈದ್ಯರು. ಕರ್ನಾಟಕದಲ್ಲಿ ಬೆಂಗಳೂರು, ದಾವಣಗೆರೆಗಳ ಮಕ್ಕಳ ವೈದ್ಯರು ಇದನ್ನು ಮಕ್ಕಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಜ್ವರ, ತಲೆನೋವು ಶುರುವಾಗಿ ಮೂರು ನಾಲ್ಕು ದಿನಕ್ಕೆ ಮಣಿಕಟ್ಟು, ಕಾಲಿನ ಗಿಣ್ಣುಗಳ ಕಡೆ ಕೆಂಪು ಗುಳ್ಳೆ ಏಳುತ್ತವೆ. ಬಹಳ ಸಲ ಅಂಗೈ, ಅಂಗಾಲಿಗೂ ಹಬ್ಬುತ್ತವೆ. ಜ್ವರದ ಮಗುವಿನ ಅಂಗೈ ಬಿಡಿಸಿ ನೋಡುವುದನ್ನು ಪ್ರತಿಯೊಬ್ಬ ತಾಯಿಯೂ ರೂಢಿ ಮಾಡಿಕೊಳ್ಳಬೇಕು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಈ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧಿ ಇದೆ. ವೈದ್ಯರು ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯತೊಡಗುತ್ತದೆ. ಆದರೆ ಆಸ್ಪತ್ರೆಗಳಲ್ಲಿ ಬಲವಾದ ಔಷಧಿ ಎಂದು ಸಾಲಾಗಿ ಕೊಡುವ ದುಬಾರಿ ಚುಚ್ಚುಮದ್ದುಗಳಲ್ಲಿ ಹಲವು ಇದರ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ರಿಕೆಟ್ಸಿಯಾ ನಮ್ಮ ರಕ್ತನಾಳಗಳ ಒಳಗೋಡೆಯ ಜೀವಕೋಶಗಳೊಳಗೆ ಹೊಕ್ಕು ಕೂರುತ್ತದೆ, ಆ ಔಷಧಿಗಳು ಅಲ್ಲಿಗೆ ಮುಟ್ಟುವುದಿಲ್ಲ. ತಡವಾದರೆ ಬೆರಳುಗಳು ಕಪ್ಪಾಗಿ ಕೊಳೆಯಬಹುದು, ಮಿದುಳಿಗೂ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಸುಲಭವಾಗಿ ಸಿಗುವ ರಕ್ತಪರೀಕ್ಷೆ ವೀಲ್ ಫೆಲಿಕ್ಸ್, 1916ರಷ್ಟು ಹಳೆಯದು. ಅದು ಪಾಸಿಟಿವ್ ಆಗಿ ತಿರುಗುವುದು ಕಾಯಿಲೆಯ ಎರಡನೆಯ ವಾರದ ಹೊತ್ತಿಗೆ. ಅಲ್ಲಿಯತನಕ ವೈದ್ಯರಿಗೆ ಇರುವ ಆಧಾರ ಎರಡೇ, ಕಣ್ಣಿಗೆ ಕಾಣುವ ಗುಳ್ಳೆ ಮತ್ತು ರೋಗಿಯ ಬಾಯಿಂದ ಬರುವ ಉತ್ತರ. ಮನೆಯಲ್ಲಿ ನಾಯಿ ಇದೆಯೇ? ಉಣ್ಣೆ ಕಿತ್ತಿದ್ದಿರಾ? ಬೆರಳಲ್ಲಿ ಹೊಸಕಿದ್ದಿರಾ? ಹೊಸಕಿದ ಉಣ್ಣೆಯ ರಸ ಕೈಯ ಗೀರಿನಿಂದಲೋ ಕಣ್ಣು ಉಜ್ಜಿಕೊಂಡಾಗಲೋ ಒಳಗೆ ಹೋದರೂ ಈ ಜ್ವರ ಬರಬಹುದು. ವಾಚ್‌ಮನ್ ಕೆಲಸದವರು ಬೇಸರ ಕಳೆಯಲು ನಾಯಿಯ ಕಿವಿಯಿಂದ ಉಣ್ಣೆ ಹೆಕ್ಕಿ ಉಗುರಿನಡಿ ಚಟಕ್ಕೆನ್ನಿಸುವುದನ್ನು ಕಂಡಾಗೆಲ್ಲ ಬೇಡಪ್ಪಾ ಎಂದು ಹೇಳಿ ಬಂದಿದ್ದೇನೆ.

ಚುಕ್ಕೆ ಜ್ವರದ ಬಂಧುವೊಂದು ಸ್ಕ್ರಬ್ ಟೈಫಸ್. ಅದನ್ನು ಹರಡುವುದು ಉಣ್ಣೆಯಲ್ಲ, ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ. ಕಚ್ಚಿದಲ್ಲಿ ಸುಟ್ಟ ಗಾಯದ ಹಾಗೆ ಕಪ್ಪು ಹಕ್ಕಳೆ ಕಟ್ಟುವುದುಂಟು. ಅದಕ್ಕೂ ಔಷಧಿ ಡಾಕ್ಸಿಸೈಕ್ಲಿನ್ನೇ.

ಈಗ ಮಂಗನ ಕಾಯಿಲೆಗೆ ಬರುತ್ತೇನೆ. ಅದು ಮಲೆನಾಡಿನ ಕಾಯಿಲೆ, ಪೀಣ್ಯಕ್ಕೂ ಅದಕ್ಕೂ ಏನು ನಂಟು ಎಂದು ಕೆಲವರಿಗೆ ಅನ್ನಿಸುತ್ತಿರಬಹುದು. ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯದಲ್ಲಿ ನಿಂತು ನೋಡಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಬಸ್ಸಿಗೆ ಬ್ಯಾಗು ಹಿಡಿದು ಕಾಯುವವರಲ್ಲಿ ಪೀಣ್ಯದ ಲೇತ್ ಕೆಲಸದ ಹುಡುಗರಿದ್ದಾರೆ, ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿದ್ದಾರೆ, ಸಾಫ್ಟ್‌ವೇರಿನವರಿದ್ದಾರೆ. ಡಿಸೆಂಬರು ಜನವರಿಯಲ್ಲಿ ಊರಿನಲ್ಲಿ ಅಡಿಕೆ ಕೊನೆಕೊಯ್ಲು. ಅದು ಮುಗಿಯುತ್ತಿದ್ದಂತೆ ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತರುವ ಕೆಲಸ. ರಜೆ ಹಾಕಿ ಹೋದ ಮಗ ಅಪ್ಪನ ಜೊತೆ ಬೆಟ್ಟ ಹತ್ತದೆ ಇರುತ್ತಾನೆಯೇ? ಇನ್ನೊಂದು ಗುಂಪು ಬೆನ್ನಿಗೆ ಚೀಲ ಕಟ್ಟಿಕೊಂಡು ಕೊಡಚಾದ್ರಿಗೆ ಚಾರಣ ಹೊರಟಿರುತ್ತದೆ. ಭಾನುವಾರ ರಾತ್ರಿಯ ಬಸ್ಸಿನಲ್ಲಿ ಎಲ್ಲರೂ ವಾಪಸು. ಮಂಗನ ಕಾಯಿಲೆಯ ವೈರಸ್ ಮೈ ಹೊಕ್ಕು ಜ್ವರವಾಗಿ ಏಳಲು ಮೂರರಿಂದ ಎಂಟು ದಿನ ಬೇಕು. ಜ್ವರ ಏಳುವ ಹೊತ್ತಿಗೆ ಆತ ಬೆಟ್ಟದಲ್ಲಿರುವುದಿಲ್ಲ, ಪೀಣ್ಯ ಎರಡನೇ ಹಂತದ ಬಾಡಿಗೆ ಕೋಣೆಯಲ್ಲಿ ಮಲಗಿರುತ್ತಾನೆ.

1957ರ ಮಾರ್ಚಿನಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲ ಹಳ್ಳಿಗಳಲ್ಲಿ. ಜನ ಜ್ವರದಲ್ಲಿ ಬೀಳುತ್ತಿದ್ದ ಹೊತ್ತಿಗೇ ಕಾಡಿನಲ್ಲಿ ಮುಸಿಯಗಳೂ ಕೋತಿಗಳೂ ಸತ್ತು ಬೀಳುತ್ತಿದ್ದವು. ಈ ಎರಡನ್ನೂ ಒಟ್ಟಿಗೆ ನೋಡಿದ್ದರಿಂದ ದಾರಿ ಕಂಡಿತು. ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿದೆ, ಅದು ಭಾರತಕ್ಕೆ ಕಾಲಿಟ್ಟಿತೇ ಎಂಬ ದಿಗಿಲಿನಲ್ಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಂಗಡಿಗರು ಬಂದರು. ಸಿಕ್ಕಿದ್ದು ಬೇರೆಯೇ ಒಂದು ವೈರಸ್. ರಷ್ಯಾದ ಪೂರ್ವದ ಕಾಡುಗಳಲ್ಲಿ 1937ರಲ್ಲಿ ಕಂಡುಬಂದ, ಉಣ್ಣೆಯಿಂದಲೇ ಹರಡುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಆಮೇಲೆ 1990ರ ದಶಕದಲ್ಲಿ ಸೌದಿ ಅರೇಬಿಯದ ಜೆಡ್ಡಾದಲ್ಲಿ ಇದರದೇ ಸೋದರ ವೈರಸ್ಸೊಂದು ಸಿಕ್ಕಿತು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೆಲ್ಲ ಹೀಗೆ ಸೇರಿಹೋಯಿತು.

ಈ ವೈರಸ್ಸನ್ನು ಮುಖ್ಯವಾಗಿ ಹೊತ್ತು ತರುವುದು ಹಿಮಾಫೈಸಾಲಿಸ್ ಸ್ಪೈನಿಜೆರ ಎಂಬ ಉಣುಗು. ನಮ್ಮನ್ನು ಹೆಚ್ಚಾಗಿ ಕಚ್ಚುವುದು ಎಳ್ಳುಕಾಳಿನಷ್ಟೇ ಇರುವ ಅದರ ಎಳೆ ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣಗಿದ ಎಲೆಗಳ ನಡುವೆ ಅದರ ಕಾಲ. ಮಂಗ ಸತ್ತಾಗ ಮೈ ತಣ್ಣಗಾಗುತ್ತಲೇ ಉಣುಗುಗಳೆಲ್ಲ ಇಳಿದು ಸುತ್ತ ಹರಡುತ್ತವೆ. ಮಂಗಗಳೂ ನಮ್ಮಂತೆಯೇ ಈ ಕಾಯಿಲೆಗೆ ಬಲಿಯಾಗುವವು, ಅವುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಅನ್ಯಾಯ. ಸತ್ತ ಮಂಗ ಕಂಡರೆ ಮುಟ್ಟದೆ, ಆರೋಗ್ಯ ಇಲಾಖೆಗೋ ಪಂಚಾಯಿತಿಗೋ ತಿಳಿಸಬೇಕು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ಈ ಜ್ವರ ತಗುಲಿತು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ, ಆದ್ದರಿಂದ ಜ್ವರ ಬಂದ ಸಂಗಾತಿಯನ್ನು ದೂರ ಇಡಬೇಕಾಗಿಲ್ಲ.

ಕಾಡಿನ ಮೇಲೆ ಕೈ ಹಾಕಿದಾಗಲೆಲ್ಲ ಈ ರೋಗ ಹೊಸ ಜಾಗಕ್ಕೆ ಬಂದದ್ದುಂಟು. ಬೆಳ್ತಂಗಡಿ ಕಡೆ ಗೇರು ತೋಟಕ್ಕೆಂದು ಕಾಡು ಕಡಿದ ಬಳಿಕ 1982–83ರಲ್ಲಿ 1,555 ಜನರಿಗೆ ಕಾಯಿಲೆ ಬಂದು 150 ಜನ ತೀರಿಕೊಂಡರು. ಬಂಡೀಪುರದ ನಂತರ ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟೋ ಮನೆಗಳನ್ನು ಬರಿದು ಮಾಡಿತು. ಸಾಮಾನ್ಯವಾಗಿ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ.

ಇದಕ್ಕೆ ಲಸಿಕೆ ಇತ್ತು. ಅದನ್ನು ಬಹಳ ವರ್ಷ ತಯಾರಿಸಿದ್ದು ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ, ದನಕರುಗಳ ಲಸಿಕೆ ಮಾಡುವ ಸರ್ಕಾರಿ ಸಂಸ್ಥೆಯಲ್ಲಿ. ಪಶುವೈದ್ಯನಾಗಿ ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಎರಡು ಡೋಸು ತೆಗೆದುಕೊಂಡವರಿಗೆ ಸಿಗುತ್ತಿದ್ದ ರಕ್ಷಣೆ ಶೇಕಡ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಎಂದು ಅಧ್ಯಯನ ತೋರಿಸಿತು. ಅದರ ಶಕ್ತಿ ಕುಂದಿದೆ ಎಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಮೊದಲ ರೋಗಿ ಕಂಡು ಆರು ದಶಕ ದಾಟಿದ ಮೇಲೂ ಮಲೆನಾಡಿನ ಕೂಲಿಗಳಿಗೂ ರೈತರಿಗೂ ನೆಚ್ಚಿಕೊಳ್ಳುವಂಥ ಲಸಿಕೆ ಇಲ್ಲದಿರುವುದು ನನಗೆ ತುಂಬ ನೋವಿನ ವಿಷಯ. ಇದೇ ಕಾಯಿಲೆ ನಗರದ ನಡುವೆ ಹುಟ್ಟಿದ್ದರೆ ಇಷ್ಟು ಕಾಯುತ್ತಿದ್ದೆವು ಎಂದು ನಾನು ನಂಬಲಾರೆ. ಸದ್ಯಕ್ಕೆ ಇರುವುದು ಮೈಗೆ ಹಚ್ಚುವ ಡೆಪಾ ತೈಲ. ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಇದನ್ನು ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಹಂಚುತ್ತದೆ. ಊರಿಗೆ ಹೋದ ನಗರದ ಮಕ್ಕಳು ಅದನ್ನು ಕೇಳಿ ಪಡೆದು, ಕೈಕಾಲಿಗೆ ಹಚ್ಚಿಕೊಂಡೇ ಬೆಟ್ಟಕ್ಕೆ ಹೋಗಬೇಕು.

ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಏನಾಗುತ್ತದೆ ನೋಡಿ. ಜ್ವರ ಅಂದೊಡನೆ ಎಲ್ಲರ ಮನಸ್ಸಿಗೆ ಬರುವುದು ಡೆಂಗಿ. ಪ್ಲೇಟ್‌ಲೆಟ್ ಎಷ್ಟು ಎಂಬುದೇ ಮನೆಮಂದಿಯ ಮೊದಲ ಪ್ರಶ್ನೆ. ಲ್ಯಾಬಿನ ವರದಿ ಮೊಬೈಲಿಗೆ ಬಂದ ಕೂಡಲೇ ಅದನ್ನೇ ನೋಡುತ್ತಾರೆ, ಇಳಿದಿದ್ದರೆ ಡೆಂಗಿಯೇ ಎಂದು ತೀರ್ಮಾನ. ಆದರೆ ಪ್ಲೇಟ್‌ಲೆಟ್ ಮಂಗನ ಕಾಯಿಲೆಯಲ್ಲೂ ಇಳಿಯುತ್ತದೆ, ಚುಕ್ಕೆ ಜ್ವರದಲ್ಲೂ ಸ್ಕ್ರಬ್ ಟೈಫಸ್ಸಿನಲ್ಲೂ ಇಳಿಯುತ್ತದೆ. ಮಂಗನ ಕಾಯಿಲೆಯಲ್ಲಿ ಒಮ್ಮೆಲೇ ಏರುವ ಜ್ವರ, ಹಣೆ ಸಿಡಿಯುವ ನೋವು, ಸೊಂಟ ಕಾಲುಗಳಲ್ಲಿ ತಡೆಯಲಾರದ ಸೆಳೆತ, ಕೆಂಪಾದ ಕಣ್ಣು, ವಾಂತಿ, ಕೆಲವರಿಗೆ ಒಸಡು ಮೂಗಿನಿಂದ ರಕ್ತ. ವಾಸಿಯಾಯಿತು ಎಂದು ಕೆಲಸಕ್ಕೆ ಹೋದ ಮೇಲೆ, ಒಂದೆರಡು ವಾರ ಬಿಟ್ಟು ಕೆಲವರಿಗೆ ಜ್ವರ ಮರುಕಳಿಸಿ ಕತ್ತು ಸೆಟೆದುಕೊಳ್ಳುವುದು, ಕೈ ನಡುಗುವುದು ಶುರುವಾಗುತ್ತದೆ. ಇದಕ್ಕೆ ನೇರವಾದ ಔಷಧಿ ಇಲ್ಲ. ಆಸ್ಪತ್ರೆಯ ಆರೈಕೆಯೇ ಜೀವ ಉಳಿಸುವುದು. ಇಂಥ ಜ್ವರಗಳಲ್ಲಿ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ. ಯಾವ ಪರೀಕ್ಷೆಗೆ ರಕ್ತ ಕಳಿಸಬೇಕು, ಯಾವ ಔಷಧಿ ಶುರುಮಾಡಬೇಕು ಎಂಬುದೆಲ್ಲ ನಿಂತಿರುವುದು ಒಂದು ವಾಕ್ಯದ ಮೇಲೆ. "ಕಳೆದ ಎರಡು ವಾರದಲ್ಲಿ ಎಲ್ಲಿಗೆ ಹೋಗಿದ್ದೆ?"

ಇದನ್ನು ಕೇಳಲು ಯಂತ್ರ ಬೇಡ, ಖರ್ಚಿಲ್ಲ. ಕಾರ್ಖಾನೆಗಳ ಪ್ರಥಮ ಚಿಕಿತ್ಸಾ ಕೋಣೆಗಳಲ್ಲಿ, ಇಎಸ್‌ಐ ಔಷಧಾಲಯಗಳಲ್ಲಿ, ಟೆಕ್ ಪಾರ್ಕುಗಳ ಆರೋಗ್ಯ ಕೇಂದ್ರಗಳಲ್ಲಿ ಜ್ವರದ ಚೀಟಿಯ ಮೇಲೆ ಮೂರು ಪ್ರಶ್ನೆ ಅಚ್ಚು ಮಾಡಿಸಲಿ. ಯಾವ ಊರಿಗೆ ಹೋಗಿದ್ದಿರಿ, ನಾಯಿ ದನಗಳ ಒಡನಾಟ ಇದೆಯೇ, ಉಣ್ಣೆ ಕಚ್ಚಿತ್ತೇ. ಬೇರೆ ರಾಜ್ಯಗಳಿಂದ ದುಡಿಯಲು ಬಂದವರಿಗೆ ಅವರ ಭಾಷೆಯಲ್ಲೇ ಕೇಳಲಿ. ಉಣ್ಣೆಯ ರೋಗ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಗುಜರಾತಿನಲ್ಲಿ 2011ರಲ್ಲಿ ಕ್ರಿಮಿಯನ್ ಕಾಂಗೋ ಜ್ವರ ಬಂದಾಗ ರೋಗಿಯ ಆರೈಕೆ ಮಾಡಿದ ವೈದ್ಯರೂ ದಾದಿಯೂ ಜೀವ ಕಳೆದುಕೊಂಡರು. ಅಮೆರಿಕ, ಯುರೋಪಿಗೆ ಕೆಲಸದ ಮೇಲೆ ಹೋಗಿ ಬರುವ ನಮ್ಮ ಎಂಜಿನಿಯರುಗಳಿಗೆ ಅಲ್ಲಿನ ಹುಲ್ಲುಗಾವಲಿನಲ್ಲಿ ಲೈಮ್ ಕಾಯಿಲೆ ತಗುಲಬಹುದು. ಕಚ್ಚಿದ ಜಾಗದ ಸುತ್ತ ದಿನದಿನಕ್ಕೆ ಅಗಲವಾಗುವ ಕೆಂಪು ಬಳೆ ಅದರ ಗುರುತು.

ಕೊನೆಯದಾಗಿ, ಮೈಮೇಲೆ ಉಣ್ಣೆ ಕಂಡರೆ ಮಾಡಬೇಕಾದ್ದು. ಸೀಮೆಎಣ್ಣೆ ಸುರಿಯಬೇಡಿ, ಸುಣ್ಣ ಹಚ್ಚಬೇಡಿ, ಬೀಡಿಯ ಕೆಂಡ ತಾಗಿಸಬೇಡಿ. ಹಾಗೆ ಕಾಟ ಕೊಟ್ಟರೆ ಅದು ಇನ್ನಷ್ಟು ಎಂಜಲನ್ನು ಒಳಗೆ ಬಿಡಬಹುದು. ಸಣ್ಣ ಚಿಮಟಿಗೆಯಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ, ಅದರ ಬಾಯಿಯ ಕಡೆಯೇ ಹಿಡಿದು, ತಿರುಚದೆ, ನಿಧಾನವಾಗಿ ನೆಟ್ಟಗೆ ಎಳೆಯಿರಿ. ಚಿಮಟಿಗೆ ಇಲ್ಲದಿದ್ದರೆ ಬೆರಳಿಗೆ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಸುತ್ತಿಕೊಳ್ಳಿ. ಜಾಗವನ್ನು ಸೋಪಿನಿಂದ ತೊಳೆಯಿರಿ, ಕೈಯನ್ನೂ ತೊಳೆಯಿರಿ. ಬೆಟ್ಟದಿಂದ ಬಂದ ದಿನ ಬಟ್ಟೆ ಬಿಸಿನೀರಿಗೆ ಹಾಕಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮಕ್ಕಳ ತಲೆಗೂದಲಿನ ಬುಡ ತಡಕಿ ನೋಡಿ. ಕಿತ್ತ ಉಣ್ಣೆಯನ್ನು ಹೊಸಕದೆ ಒಂದು ಸಣ್ಣ ಸೀಸೆಗೆ ಹಾಕಿ ಬಿರಡೆ ಬಿಗಿದು, ಯಾವ ಊರಲ್ಲಿ, ಯಾವ ತಾರೀಖು ಎಂದು ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಎರಡು ವಾರದೊಳಗೆ ಜ್ವರ ಬಂದರೆ ಆ ಸೀಸೆಯನ್ನು ಕೈಯಲ್ಲಿ ಹಿಡಿದೇ ಡಾಕ್ಟರ ಹತ್ತಿರ ಹೋಗಿ. ಅವರು ಕೇಳದಿದ್ದರೆ ನೀವೇ ಹೇಳಿ.